192 ಹೊಡೆದು ಬೆಂಚಿಗೆ ಹೋದವನು

2013ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ಧೋನಿ ಆಸ್ಟ್ರೇಲಿಯಾ ವಿರುದ್ಧ 224 ಹೊಡೆದಾಗ ಹಳೇ ದಾಖಲೆಯೊಂದು ಮುರೀತು. ಭಾರತದ ವಿಕೆಟ್ ಕೀಪರ್ ಒಬ್ಬ ಟೆಸ್ಟಿನಲ್ಲಿ ಹೊಡೆದ ಅತಿ ಹೆಚ್ಚು ರನ್, 192. ಅದನ್ನೂ ಅದೇ ಊರಲ್ಲಿ, 1964ರ ಜನವರಿಯಲ್ಲಿ ಹೊಡೆದದ್ದು. ಹೊಡೆದವರು ಬುಧಿ ಕುಂದರನ್, ನಮ್ಮ ಮೂಲ್ಕಿಯಲ್ಲಿ ಹುಟ್ಟಿದವರು. ನನ್ನ ಟೀಮಿನ ಹುಡುಗರಿಗೆ ಕೇಳಿದೆ, ಒಬ್ಬರಿಗೂ ಗೊತ್ತಿಲ್ಲ.

ಸೇಡಂ, ಚಿತ್ತಾಪುರ ಕಡೆ ನಾವು ಆಡೋವಾಗ ಕೀಪಿಂಗ್ ಅಂದ್ರೆ ಶಿಕ್ಷೆ. ಪರ್ಸಿ ಕಲ್ಲಿನ ತುಂಡು ನಿಲ್ಲಿಸಿದ್ರೆ ಅದೇ ವಿಕೆಟ್, ಅದರ ಹಿಂದೆ ಎಲ್ಲರಿಗಿಂತ ಸಣ್ಣವನು. ಗ್ಲೌಸ್ ಎಲ್ಲಿಂದ ಬರಬೇಕು? ಅಮೆರಿಕದ ಬೇಸ್‌ಬಾಲಿನಲ್ಲಿ ಕ್ಯಾಚರ್ ಅಂತ ಇರ್ತಾನಲ್ಲ, ಮುಖಕ್ಕೆ ಜಾಲರಿ, ಎದೆಗೆ ಕವಚ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತು, ಯಾವ ಚೆಂಡು ಎಸೀಬೇಕು ಅಂತ ಬೆರಳಲ್ಲೇ ಸನ್ನೆ ಮಾಡೋನು, ಅವನಿಗೂ ಕೀಪರಿಗೂ ಒಂದು ಕಷ್ಟ ಸಮ. ತಂಡದಲ್ಲಿ ಆ ಜಾಗ ಒಂದೇ. ಇಬ್ಬರು ಒಳ್ಳೆಯವರಿದ್ರೆ ಒಬ್ಬ ಕೂತಿರಬೇಕು. ನಮ್ಮ ಸಾಫ್ಟ್‌ವೇರಿನವರಿಗೆ ಬೆಂಚ್ ಅಂದ್ರೆ ಏನಂತ ಬಿಡಿಸಿ ಹೇಳಬೇಕಿಲ್ಲ.

ಕುಂದರನ್ ಬೆಳೆದದ್ದು ಮುಂಬೈಯಲ್ಲಿ, ಬಡ ಮನೆ. 1960ರ ಜನವರಿ 1ಕ್ಕೆ ಅಲ್ಲೇ ಆಸ್ಟ್ರೇಲಿಯಾ ವಿರುದ್ಧ ಟೆಸ್ಟಿಗಿಳಿದಾಗ ವಯಸ್ಸು 20, ಇನ್ನೂ ಒಂದು ರಣಜಿ ಪಂದ್ಯ ಆಡಿರಲಿಲ್ಲ. ಕೈಗೆ ಹಾಕಿಕೊಂಡಿದ್ದು ಹಿರಿಯ ಕೀಪರ್ ನರೇನ್ ತಮ್ಹಾನೆ ಕೊಟ್ಟ ಗ್ಲೌಸ್ ಅಂತಾರೆ. ಆಮೇಲೆ ಮದ್ರಾಸಿನಲ್ಲಿ ಬೆನೋ, ಡೇವಿಡ್‌ಸನ್ ಬೌಲಿಂಗಿಗೆ 71. ರೈಲ್ವೇಸ್ ತಂಡಕ್ಕೆ ರಣಜಿ ಆಡಿದಾಗ ಮೊದಲ ಪಂದ್ಯದಲ್ಲೇ ಜಮ್ಮು ಕಾಶ್ಮೀರದ ಮೇಲೆ 205! ವಾಡಿ ಜಂಕ್ಷನ್, ಶಹಾಬಾದ್ ಕಡೆಯವರಿಗೆ ರೈಲ್ವೆ ನೌಕರಿಯ ತೂಕ ಗೊತ್ತು. ಮಗನಿಗೆ ರೈಲ್ವೆಯಲ್ಲಿ ಸಿಕ್ತು ಅಂದ್ರೆ ಮುಗೀತು, ಹೆಣ್ಣು ಕೊಡೋರು ತಾವಾಗೇ ಬರ್ತಾರೆ. ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ, ಅದು ಬೇರೆ ಮಾತು. ಆದ್ರೆ ಟೆಸ್ಟ್ ತಂಡದ ಜಾಗ ರೈಲ್ವೆಯ ಜಾಗದಷ್ಟು ಪರ್ಮನೆಂಟ್ ಅಲ್ಲ.

1963-64ರ ಇಂಗ್ಲೆಂಡ್ ಸರಣಿಯಲ್ಲಿ ಐದು ಟೆಸ್ಟ್, 525 ರನ್. ಮದ್ರಾಸಿನಲ್ಲಿ ಮೊದಲ ದಿನ ಮುಗಿಯೋ ಹೊತ್ತಿಗೆ 170, ಔಟಾಗಿರಲಿಲ್ಲ. ದಿಲ್ಲಿಯಲ್ಲಿ ಇನ್ನೊಂದು ಶತಕ. ಇಷ್ಟೆಲ್ಲ ಮಾಡಿದವನಿಗೆ ಅಪ್ರೈಸಲ್ಲಿನಲ್ಲಿ ಏನು ಸಿಗಬೇಕು? ಅದೇ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ಬಂದಾಗ ಮೂರೂ ಟೆಸ್ಟಿಗೆ ಕೀಪರ್ ಇಂದ್ರಜಿತ್‌ಸಿಂಹಜಿ. ಮುಂದೆ ಫಾರೂಕ್ ಇಂಜಿನಿಯರ್. 1966-67ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಕುಂದರನ್ ವಾಪಸ್ ಬಂದು ಮುಂಬೈಯಲ್ಲಿ 79 ಹೊಡೆದರು. ಮದ್ರಾಸ್ ಟೆಸ್ಟಿಗೆ ಇಂಜಿನಿಯರ್ ಬಂದು ಊಟಕ್ಕೆ ಮೊದಲೇ 94 ಹೊಡೆದುಬಿಟ್ಟರು. ಅವರನ್ನೂ ದೂರೋಕಾಗಲ್ಲ, ಅಸಾಧ್ಯ ಆಟಗಾರ. ಆದರೂ ನನ್ನ ಲೆಕ್ಕದಲ್ಲಿ 1964ರ ಅಕ್ಟೋಬರಿನ ಆಯ್ಕೆಗೆ ಸಮಜಾಯಿಷಿ ಇಲ್ಲ.

1967ರ ಜುಲೈ, ಎಜ್‌ಬಾಸ್ಟನ್. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ಕೂ ಸ್ಪಿನ್ನರು ಒಟ್ಟಿಗೆ ಆಡಿದ ಟೆಸ್ಟ್ ಅಂತ ಇದು ಹೆಸರುವಾಸಿ. ಹೊಸ ಚೆಂಡು ಹಾಕೋರು ಗಾಯಗೊಂಡಿದ್ರು. ಕೀಪಿಂಗ್ ಇಂಜಿನಿಯರ್ ಕೈಲಿ. ಕುಂದರನ್ ಕೈಗೆ ಹೊಸ ಚೆಂಡು ಕೊಟ್ಟರು! ನೀನು ಏನು ಹಾಕ್ತೀಯ ಅಂತ ನಾಯಕ ಪಟೌಡಿ ಕೇಳಿದ್ದಕ್ಕೆ, ನನಗೇ ಗೊತ್ತಿಲ್ಲ ಅಂದ್ರಂತೆ. ಜನ ಈ ಕತೆ ಹೇಳಿ ನಗ್ತಾರೆ. ನನಗೆ ನಗು ಬರಲ್ಲ. ಅದೇ ಅವರ ಕೊನೆಯ ಟೆಸ್ಟ್. 18 ಟೆಸ್ಟ್, 981 ರನ್, 23 ಕ್ಯಾಚ್, 7 ಸ್ಟಂಪಿಂಗ್.

ಮೈಸೂರು ರಾಜ್ಯಕ್ಕೆ ಕೆಲವು ವರ್ಷ ಆಡಿದರು. ಅದೇ ಹೊತ್ತಿಗೆ ಇಲ್ಲಿ ತಯಾರಾಗ್ತಿದ್ದ ಸಯ್ಯದ್ ಕಿರ್ಮಾನಿ ಮುಂದೆ 88 ಟೆಸ್ಟ್ ಆಡಿ 198 ಬಲಿ ಪಡೆದರು. ಕುಂದರನ್ ಅಷ್ಟರಲ್ಲಿ ಸ್ಕಾಟ್‌ಲೆಂಡ್ ಸೇರಿದ್ದರು. ಅಲ್ಲಿ ಡ್ರಂಪೆಲಿಯರ್ ಕ್ಲಬ್ಬಿಗೆ ಆಡಿದರು, 1980ರ ದಶಕದಲ್ಲಿ, ನಲವತ್ತು ದಾಟಿದ ಮೇಲೆ, ಸ್ಕಾಟ್‌ಲೆಂಡ್ ತಂಡಕ್ಕೂ ಆಡಿದರು. 2006ರ ಜೂನಿನಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡಾಗ 66 ವರ್ಷ. ಧೋನಿ ಆ 192 ದಾಟೋಕೆ ಇನ್ನೂ ಆರೂವರೆ ವರ್ಷ ಇತ್ತು.