ಮಿಸ್ವಾಕ್ ಉಳಿಯಿತು, ಖಿಲಾಲ್ ಮರೆಯಿತು

ಕೋಲಾರ ಸೀಮೆಯಲ್ಲಿ ಹಲ್ಲಿನ ಮಾತು ಎತ್ತಿದರೆ ಅದು ಬೇಗನೆ ನೀರಿನ ಮಾತಾಗಿ ಹೊರಳುತ್ತದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ನಾಡು ಶತಮಾನಗಳ ಕಾಲ ಕೆರೆಗಳನ್ನು ನಂಬಿ ಬದುಕಿತು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿಗಳನ್ನು ನಂಬಿತು. ಗಟ್ಟಿ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಬಂಡೆಯೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆಗಳೂ ಹಳದಿ, ಕಂದು ಪಟ್ಟೆಗಳೂ ಮೂಡುತ್ತವೆ. ಈ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನೆಲ್ಲೂರು ಸೀಮೆಯಲ್ಲಿ.

ಈ ಕಲೆ ಕೊಳೆಯಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ, ಅಂದರೆ ಬಾಲ್ಯದ ಮೊದಲ ಎಂಟು ವರ್ಷಗಳಲ್ಲಿ, ಹಲ್ಲಿನ ಹೊರಕವಚದಲ್ಲಿ ಸೇರಿಹೋದ ದೋಷವದು. ಇಟ್ಟಿಗೆ ಪುಡಿ, ಇದ್ದಿಲು, ಬೂದಿ ಹಾಕಿ ಎಷ್ಟು ಉಜ್ಜಿದರೂ ಅದು ಹೋಗದು; ಹೋಗುವುದು ಹಲ್ಲಿನ ಕವಚ ಮಾತ್ರ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ನಗೆಯನ್ನು ನೋಡಿ 'ಹಲ್ಲುಜ್ಜುವುದಿಲ್ಲವೇನೋ' ಎಂದು ಪಿಸುಗುಟ್ಟುವವರು ಇದನ್ನು ತಿಳಿದಿರಬೇಕು. ಆಕೆಯ ಹಲ್ಲಿನ ಬಣ್ಣಕ್ಕೆ ಅವಳ ಊರಿನ ನೀರು ಕಾರಣ, ಅವಳ ಸೋಮಾರಿತನವಲ್ಲ.

ಆದರೆ ಈ ಸತ್ಯದ ನೆರಳಿನಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಬೆಳೆದಿದೆ. ನಲವತ್ತೈದಕ್ಕೇ ಹಲ್ಲು ಅಲುಗಾಡಿದರೂ, ಒಸಡಿನಲ್ಲಿ ರಕ್ತ ಒಸರಿದರೂ, ಬಾಯಿ ನಾರಿದರೂ ನಾವು ನೀರನ್ನೇ ದೂರುತ್ತೇವೆ. ಒಸಡಿನ ರೋಗದ ಮೂಲ ಬೇರೆ. ಅದು ಬಹುಮಟ್ಟಿಗೆ ಆರಂಭವಾಗುವುದು ಎರಡು ಹಲ್ಲುಗಳ ನಡುವಿನ ಸಂದಿನಲ್ಲಿ. ಪ್ರತಿ ದವಡೆಹಲ್ಲಿಗೆ ಐದು ಮುಖಗಳಿವೆ: ಜಗಿಯುವ ಮುಖ, ಕೆನ್ನೆಯ ಕಡೆಯದು, ನಾಲಿಗೆಯ ಕಡೆಯದು, ಮತ್ತೆ ಅಕ್ಕಪಕ್ಕದ ಹಲ್ಲುಗಳಿಗೆ ತಾಗುವ ಎರಡು. ಬೇವಿನ ಕಡ್ಡಿಯಾಗಲಿ, ಮಿಸ್ವಾಕ್ ಆಗಲಿ, ಅಂಗಡಿಯ ಬ್ರಷ್ ಆಗಲಿ ಮೊದಲ ಮೂರನ್ನು ಚೆನ್ನಾಗಿ ತಲುಪುತ್ತದೆ. ಕೊನೆಯ ಎರಡು ಮುಖಗಳು ಅದರ ಕೈಗೆ ಸಿಗುವುದೇ ಇಲ್ಲ.

ನಮ್ಮ ಪರಂಪರೆ ಇದನ್ನು ಅರಿಯದೆ ಇರಲಿಲ್ಲ ಎಂಬುದೇ ಇಲ್ಲಿ ಹೇಳಬೇಕಾದ ಚರಿತ್ರೆ. ಮಿಸ್ವಾಕ್‌ನ ಬಗ್ಗೆ ಎಲ್ಲರೂ ಬಲ್ಲರು. ಸಮುದಾಯಕ್ಕೆ ಕಷ್ಟವಾಗದಿದ್ದರೆ ಪ್ರತಿ ನಮಾಝಿನ ವೇಳೆಗೂ ಅದನ್ನು ಕಡ್ಡಾಯಗೊಳಿಸುತ್ತಿದ್ದೆ ಎಂಬ ಅರ್ಥದ ಪ್ರವಾದಿ(ಸ)ರ ಮಾತು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅವರ ಕೊನೆಯ ಗಳಿಗೆಯಲ್ಲಿ ಹಝ್ರತ್ ಆಯಿಶಾ(ರ) ಅವರು ಸಹೋದರ ಅಬ್ದುರ‍್ರಹ್ಮಾನರ ಕೈಯಲ್ಲಿದ್ದ ಮಿಸ್ವಾಕನ್ನು ಪಡೆದು ಜಗಿದು ಮೆದುಗೊಳಿಸಿ ಕೊಟ್ಟ ಪ್ರಸಂಗವನ್ನು ಕೇಳದ ಮುಸಲ್ಮಾನರಿಲ್ಲ. ಆದರೆ ಮಿಸ್ವಾಕಿನ ಪಕ್ಕದಲ್ಲೇ ಅರಬ್ಬರ ದಿನಚರಿಯಲ್ಲಿ ಇನ್ನೊಂದು ಸಾಧನವಿತ್ತು. ಅದರ ಹೆಸರು ಖಿಲಾಲ್: ಹಲ್ಲುಸಂದಿನಿಂದ ಆಹಾರದ ತುಣುಕನ್ನು ತೆಗೆಯುವ ಸಣ್ಣ ಕಡ್ಡಿ.

ಈ ಪದದ ಧಾತು ಸ್ವಾರಸ್ಯಕರವಾದುದು. ಎರಡು ವಸ್ತುಗಳ ನಡುವಿನ ತೆರಪಿಗೆ ಅರಬ್ಬಿಯಲ್ಲಿ ಖಲಲ್ ಎನ್ನುತ್ತಾರೆ. ವುಝೂವಿನಲ್ಲಿ ಬೆರಳುಗಳ ಸಂದಿಗೂ ಗಡ್ಡದ ಕೂದಲ ನಡುವಿಗೂ ನೀರು ಹಾಯಿಸುವುದು ತಖ್ಲೀಲ್. ಹಝ್ರತ್ ಇಬ್ರಾಹೀಮ್(ಅ)ರ ಬಿರುದಾದ ಖಲೀಲ್ ಎಂಬುದನ್ನೂ ಕೆಲವು ನಿಘಂಟುಕಾರರು ಇದೇ ಧಾತುವಿಗೆ ಸೇರಿಸುತ್ತಾರೆ. ಹೃದಯದ ಸಂದುಸಂದಿಗೂ ಇಳಿದ ಸ್ನೇಹ ಎಂಬುದು ಅವರ ವಿವರಣೆ. ಕಾಲ್ಬೆರಳ ಸಂದಿನ ತಖ್ಲೀಲನ್ನು ಮದ್ರಸದ ಮಕ್ಕಳಿಗೂ ಕಲಿಸುವ ನಾವು ಹಲ್ಲಿನ ಸಂದನ್ನು ಏಕೆ ಬಿಟ್ಟೆವೋ ತಿಳಿಯದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಖಿಲಾಲ್ ಮಾಡುವವರನ್ನು ಹೊಗಳುವ ಕೆಲವು ವರದಿಗಳು ಪ್ರಚಾರದಲ್ಲಿವೆ. ಅವುಗಳ ಸನದು ದುರ್ಬಲವೆಂದು ಹದೀಸ್ ವಿದ್ವಾಂಸರು ಬಹಳ ಹಿಂದೆಯೇ ಹೇಳಿದ್ದಾರೆ. ಅಬೂದಾವೂದ್‌ನಲ್ಲಿ ಅಬೂಹುರೈರಾ(ರ)ರಿಂದ ಬಂದ ವರದಿಯೊಂದಿದೆ. ಉಂಡ ಮೇಲೆ ಕಡ್ಡಿಯಿಂದ ತೆಗೆದುದನ್ನು ಉಗುಳಬೇಕು, ನಾಲಿಗೆಗೆ ಸಿಕ್ಕಿದ್ದನ್ನು ನುಂಗಬಹುದು, ಹೀಗೆ ಮಾಡಿದರೆ ಒಳ್ಳೆಯದು, ಮಾಡದಿದ್ದರೆ ದೋಷವಿಲ್ಲ ಎಂಬುದು ಅದರ ಸಾರ. ಅದರ ಸನದಿನ ಬಗ್ಗೆಯೂ ಒಮ್ಮತವಿಲ್ಲ. ಆದ್ದರಿಂದ ಹೊಸ ಬ್ರಷ್ಷನ್ನು ಮಾರುವವರು ಅದರ ಮೇಲೆ ಹದೀಸಿನ ಮುದ್ರೆ ಒತ್ತುವುದು ಸರಿಯಲ್ಲ. ಸುಳ್ಳು ಆಧಾರವಿಲ್ಲದೆಯೂ ಒಳ್ಳೆಯ ಕೆಲಸ ಒಳ್ಳೆಯದಾಗಿಯೇ ಉಳಿಯುತ್ತದೆ.

ಇಬ್ನುಲ್ ಕಯ್ಯಿಮ್ ಅವರ ನಿಲುವು ಇಂಥದೇ. 1350ರಲ್ಲಿ ತೀರಿಕೊಂಡ ಈ ದಮಾಸ್ಕಸಿನ ವಿದ್ವಾಂಸರು ಪ್ರವಾದಿ ವೈದ್ಯದ ಕುರಿತು ಬರೆಯುವಾಗ, ಖಿಲಾಲ್ ಬಗೆಗಿನ ವರದಿಗಳು ಸಾಬೀತಾಗಿಲ್ಲವೆಂದು ಮೊದಲೇ ಹೇಳಿಬಿಡುತ್ತಾರೆ. ಅನಂತರ, ಅದು ಒಸಡಿಗೂ ಹಲ್ಲಿಗೂ ಹಿತಕರ, ಬಾಯಿಯ ವಾಸನೆಯನ್ನು ತಡೆಯುತ್ತದೆ ಎನ್ನುತ್ತಾರೆ. ಯಾವ ಕಡ್ಡಿ ಉತ್ತಮ ಎಂಬುದನ್ನೂ ಪಟ್ಟಿ ಮಾಡುತ್ತಾರೆ: ಖಿಲಾಲ್ ಗಿಡದ ಕಡ್ಡಿ, ಆಲಿವ್ ಮರದ್ದು, ನೀರಂಜಿಯ ಜಾತಿಯದು ಒಳ್ಳೆಯದು, ಜೊಂಡಿನ ಕಡ್ಡಿಯೂ ಕಾಮಕಸ್ತೂರಿಯಂಥ ಗಿಡಗಳ ಕಡ್ಡಿಯೂ ಹಾನಿಕರ. ಜೊಂಡು ಸೀಳಿದರೆ ಅಂಚು ಚೂರಿಯಂತಾಗುತ್ತದೆ, ಒಸಡು ಕೊಯ್ಯುತ್ತದೆ.

ಆ ಖಿಲಾಲ್ ಗಿಡದ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕೊತ್ತಂಬರಿಯ ಬಳಗದ ಈ ಗಿಡದ ಹೂಗೊಂಚಲು ಒಣಗಿದಾಗ ಅದರ ತೊಟ್ಟುಗಳು ಗಟ್ಟಿಯಾದ ಕಡ್ಡಿಗಳಾಗುತ್ತವೆ. ಈಜಿಪ್ಟಿನ ಜನ ಕಡ್ಡಿಯನ್ನು ಹಲ್ಲಿಗೂ ಬೀಜವನ್ನು ಮೂತ್ರಕಲ್ಲಿನ ನೋವಿಗೂ ಬಳಸುತ್ತಿದ್ದರು. 1946ರ ಸುಮಾರಿಗೆ ಕೈರೋದಲ್ಲಿ ಅನ್ರೆಪ್ ಎಂಬ ವಿಜ್ಞಾನಿ, ತನ್ನ ಪ್ರಯೋಗಾಲಯದ ನೌಕರನೊಬ್ಬ ಮೂತ್ರಕಲ್ಲಿಗೆಂದು ಇದನ್ನು ಕುಡಿದಾಗ ಅವನ ಎದೆನೋವು ನಿಂತದ್ದನ್ನು ಗಮನಿಸಿದ. ಅದೇ ಗಿಡದ ಸಾರವನ್ನು ಆಧರಿಸಿದ ಸಂಶೋಧನೆಯಿಂದ ಹೃದಯದ ಬಡಿತ ಸರಿಪಡಿಸುವ ಅಮಿಯೋಡರೋನ್ ಬಂತು. ಸಿರಿಯಾದಲ್ಲಿ ಹುಟ್ಟಿದ, ಸ್ವತಃ ಆಸ್ತಮಾ ರೋಗಿಯಾಗಿದ್ದ ರೋಜರ್ ಆಲ್ಟೂನ್ಯಾನ್ ತನ್ನ ಮೇಲೆಯೇ ಪ್ರಯೋಗ ನಡೆಸಿ 1965ರಲ್ಲಿ ಕಂಡುಕೊಂಡ ಆಸ್ತಮಾ ಔಷಧಿಯ ಬೇರೂ ಇಲ್ಲಿಯೇ ಇದೆ.

ಹಲ್ಲಿನ ವಿಷಯಕ್ಕೆ ಬರೋಣ. ಸಂದಿನಲ್ಲಿ ಕುಳಿತ ಮೆತ್ತನೆಯ ಪಾಚಿಯನ್ನು ಬಿಟ್ಟರೆ ಅದು ಕಲ್ಲಿನಂಥ ಗಾರೆಯಾಗುತ್ತದೆ. ಆಗ ಕಡ್ಡಿಗೆ ಅದು ಬಗ್ಗದು. ಇದನ್ನು ಅತ್ಯಂತ ಸ್ಪಷ್ಟವಾಗಿ ಬರೆದವರು ಕುರ್ತುಬಾದ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಲ್ ಝಹ್ರಾವಿ, ಸುಮಾರು 1013ರಲ್ಲಿ ನಿಧನರಾದವರು. ಹಲ್ಲಿನ ಒಳಗೆ, ಹೊರಗೆ, ಒಸಡಿನ ನಡುವೆ ಒರಟು ಗಾರೆ ಕಟ್ಟಿ, ಹಲ್ಲು ಕಪ್ಪು, ಹಳದಿ, ಹಸಿರಾಗಿ, ಕೆಡುಕು ಒಸಡಿಗೆ ಇಳಿಯುತ್ತದೆ ಎಂದರು. ರೋಗಿಯ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಕೆರೆಯಬೇಕು, ಒಂದು ದಿನಕ್ಕೆ ಮುಗಿಯದಿದ್ದರೆ ಮರುದಿನವೂ ಅದರ ಮರುದಿನವೂ ಕೆರೆಯಬೇಕು ಎಂದರು. ಹಲ್ಲಿನ ಬೇರೆ ಬೇರೆ ಮೂಲೆಗಳಿಗೆ ಬೇರೆ ಬೇರೆ ಆಕಾರದ 14 ಕೆರೆಯುವ ಉಪಕರಣಗಳ ಚಿತ್ರ ಬರೆದು ಕೊಟ್ಟರು. ಇಂದಿನ ದಂತವೈದ್ಯರ ತಟ್ಟೆಯನ್ನು ನೋಡಿದವರಿಗೆ ಆ ಚಿತ್ರಗಳು ಅಪರಿಚಿತವೆನಿಸವು. ಅವರ ಮೂವತ್ತು ಸಂಪುಟಗಳ 'ತಸ್ರೀಫ್' ಕೃತಿಯ ಶಸ್ತ್ರಚಿಕಿತ್ಸಾ ಭಾಗ ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಹೋಯಿತು.

ಈ ವೈದ್ಯ ಪರಂಪರೆ ನಮ್ಮ ಸೀಮೆಗೆ ದೂರದ್ದೇನೂ ಆಗಿರಲಿಲ್ಲ. ಬಂಗಾರಪೇಟೆಯ ಬಳಿಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಯ ಮಗ ಟಿಪ್ಪು ಸುಲ್ತಾನರ ಗ್ರಂಥಾಲಯದಲ್ಲಿ ಸುಮಾರು 2000 ಹಸ್ತಪ್ರತಿಗಳಿದ್ದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಪ್ರಕಟಿಸಿದ ಅವುಗಳ ಸೂಚಿಯಲ್ಲಿ ವೈದ್ಯಕ್ಕೆಂದೇ ಒಂದು ವಿಭಾಗವಿದೆ. ಜನಸಾಮಾನ್ಯರ ಮಟ್ಟದಲ್ಲಿ ಹಕೀಮರ ಹಲ್ಲುಪುಡಿ ಇತ್ತು, ಹೆಂಗಸರ ಮಿಸ್ಸಿ ಇತ್ತು, ಊರ ತುಂಬ ಬೇವೂ ಹೊಂಗೆಯೂ ಇದ್ದವು. ಸಂದಿಗೆ ಮಾತ್ರ ಪೊರಕೆಕಡ್ಡಿ! ಇಂದಿಗೂ ಮದುವೆಯೂಟ ಮುಗಿದೊಡನೆ ಬೆಂಕಿಕಡ್ಡಿ, ಪಿನ್ನು, ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ. ಇಬ್ನುಲ್ ಕಯ್ಯಿಮರು ಜೊಂಡಿನ ಕಡ್ಡಿಯನ್ನೇ ಬೇಡವೆಂದಿದ್ದರು. ಪಿನ್ನಿನ ಬಗ್ಗೆ ಏನೆನ್ನುತ್ತಿದ್ದರೋ.

ಪಶ್ಚಿಮದಲ್ಲಿ ಈ ಕಡ್ಡಿಯ ಚರಿತ್ರೆ ಬೇರೆ ಹಾದಿ ಹಿಡಿಯಿತು. 1815ರಲ್ಲಿ ನ್ಯೂ ಆರ್ಲಿಯನ್ಸಿನ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್‌ಲಿ ರೇಷ್ಮೆಯ ದಾರವನ್ನು ಸಂದಿನಲ್ಲಿ ಎಳೆಯಲು ಹೇಳಿದ. 1938ರಲ್ಲಿ ನೈಲಾನ್ ಎಳೆಯ ಬ್ರಷ್ ಬಂತು. ಸೀಸೆ ತೊಳೆಯುವ ಕುಂಚವನ್ನು ಬೆರಳುಗುರಿನ ಗಾತ್ರಕ್ಕೆ ಇಳಿಸಿದಂತಿರುವ, ತಿರುಚಿದ ಸಣ್ಣ ತಂತಿಗೆ ನೈಲಾನ್ ಎಳೆ ಸುತ್ತಿದ ಸಂದಿನ ಬ್ರಷ್ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಈಗ ಅದಕ್ಕೆ ಅಂತಾರಾಷ್ಟ್ರೀಯ ಮಾನದಂಡವೂ ಇದೆ. ಯಾವ ಗಾತ್ರದ ರಂಧ್ರದಲ್ಲಿ ಹಾಯುತ್ತದೆಂಬುದರ ಮೇಲೆ 0ಯಿಂದ 8ರವರೆಗೆ ಅಂಕಿಗಳಿವೆ.

ಹಲ್ಲು ತೊಳೆಯದಿದ್ದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ನೆರೆಯಲ್ಲೇ ಸಿಕ್ಕಿತು. ನಾರ್ವೆ ಮೂಲದ ಹರಾಲ್ಡ್ ಲೋ ಮತ್ತು ಸಂಗಡಿಗರು 1970ರಿಂದ 15 ವರ್ಷ ಶ್ರೀಲಂಕಾದ ಚಹಾ ತೋಟಗಳ 480 ಗಂಡಾಳುಗಳ ಬಾಯಿಯನ್ನು ಪರೀಕ್ಷಿಸುತ್ತ ಬಂದರು. ಹಲ್ಲುಜ್ಜುವ ರೂಢಿಯೇ ಇಲ್ಲದ ಆ ಕಾರ್ಮಿಕರಲ್ಲಿ ನೂರಕ್ಕೆ 8 ಮಂದಿಯ ಒಸಡು ವೇಗವಾಗಿ ಹಾಳಾಯಿತು, 81 ಮಂದಿಯದು ಮಧ್ಯಮ ಗತಿಯಲ್ಲಿ, 11 ಮಂದಿಗೆ ರೋಗ ಮುಂದುವರಿಯಲೇ ಇಲ್ಲ. 'ನಮ್ಮಜ್ಜ ಏನೂ ಮಾಡಲಿಲ್ಲ, ತೊಂಬತ್ತಕ್ಕೂ ಹಲ್ಲಿತ್ತು' ಎನ್ನುವವರ ಅಜ್ಜ ಬಹುಶಃ ಆ 11ರಲ್ಲಿ ಒಬ್ಬರು.

ಬ್ರಷ್ಷಿನ ಜೊತೆಗೆ ಸಂದಿನ ಬ್ರಷ್ಷನ್ನೂ ಬಳಸಿದರೆ ಒಸಡಿನ ಉರಿಯೂತ ಕಡಿಮೆಯಾಗಬಹುದೆಂದು 2019ರ ಕಾಕ್ರೇನ್ ಪರಾಮರ್ಶೆ ಹೇಳಿತು. ಪುರಾವೆಯ ಖಚಿತತೆ ಕಡಿಮೆಯೆಂದೂ ಅದೇ ಉಸಿರಿನಲ್ಲಿ ಹೇಳಿತು. ಕೆಲಸ ಸರಳ. ಕನ್ನಡಿಯೆದುರು ನಿಂತು ಸಂದಿಗೆ ಮೆಲ್ಲನೆ ಹಾಯಿಸಿ, ಕೆಲವು ಸಲ ಹಿಂದೆಮುಂದೆ ಆಡಿಸಿ ತೊಳೆಯುವುದು, ದಿನಕ್ಕೊಮ್ಮೆ ಸಾಕು. ಒತ್ತಿ ತುರುಕಬಾರದು, ತಂತಿ ಬಾಗಿದರೆ ಗಾತ್ರ ದೊಡ್ಡದಾಯಿತೆಂದರ್ಥ. ಹಲ್ಲುಗಳು ಒತ್ತಾಗಿದ್ದವರಿಗೆ ದಾರವೇ ಸರಿ. ಆರಂಭದ ದಿನಗಳಲ್ಲಿ ರಕ್ತ ಕಂಡು ಹೆದರಿ ಬಿಡುವವರು ಬಹಳ. ಅದು ಉರಿಗೊಂಡ ಒಸಡಿನ ರಕ್ತ, ಶುಚಿಯಾದಂತೆ ನಿಲ್ಲುತ್ತದೆ. ಒಂದೆರಡು ವಾರಕ್ಕೂ ನಿಲ್ಲದಿದ್ದರೆ, ಹಲ್ಲು ಅಲುಗಿದರೆ, ಸಕ್ಕರೆ ಕಾಯಿಲೆ ಇದ್ದರೆ ದಂತವೈದ್ಯರಿಗೆ ತೋರಿಸಬೇಕು, ಕೆ.ಜಿ.ಎಫ್.ನ ಬೆಮೆಲ್ ನಗರದಲ್ಲಿ ದಂತವೈದ್ಯ ಕಾಲೇಜೇ ಇದೆ. ಗಟ್ಟಿಯಾದ ಗಾರೆಯನ್ನು ತೆಗೆಯುವುದು ಝಹ್ರಾವಿಯ ಕಾಲದಲ್ಲಿದ್ದಂತೆ ಇಂದಿಗೂ ವೈದ್ಯರ ಕೆಲಸವೇ.

ಉಪವಾಸದಲ್ಲಿ ಹೇಗೆ ಎಂದು ಕೇಳುವವರಿದ್ದಾರೆ. ಕರಾವಳಿಯ ಶಾಫಿಈ ಬಾಂಧವರಲ್ಲಿ ಮಧ್ಯಾಹ್ನದ ಬಳಿಕ ಮಿಸ್ವಾಕ್ ಮಾಡುವುದು ಅನಪೇಕ್ಷಿತ. ಕೋಲಾರದ ಕಡೆ ಹೆಚ್ಚಿನವರು ಅನುಸರಿಸುವ ಹನಫೀ ಪಂಥದಲ್ಲಿ ದಿನವಿಡೀ ಅಡ್ಡಿಯಿಲ್ಲ. ಸಂದಿನ ಬ್ರಷ್ಷಿಗೆ ಪೇಸ್ಟಿನ ಅಗತ್ಯವೂ ಇಲ್ಲ, ಬರಿದಾಗಿಯೇ ಬಳಸುವಂಥದು. ರಾತ್ರಿಯ ಊಟದ್ದೋ ಸಹರಿಯದ್ದೋ ತುಣುಕು ಹಲ್ಲಿನ ಸಂದಿನಲ್ಲಿ ಉಳಿದು ಹಗಲಲ್ಲಿ ಗಂಟಲಿಗಿಳಿದರೆ ಏನೆಂಬ ಪ್ರಶ್ನೆಯನ್ನೂ ಹನಫೀ ಫಕೀಹರು ಬಿಡಲಿಲ್ಲ: ಕಡಲೆಕಾಳಿಗಿಂತ ಚಿಕ್ಕದಾದರೆ ಉಪವಾಸ ಮುರಿಯದು ಎಂದರು. 2018ರ ರಮಝಾನ್ ಮೇ ತಿಂಗಳ ನಡುವಿನಲ್ಲಿ, ಶ್ರೀನಿವಾಸಪುರದ ಮಂಡಿಗಳಿಗೆ ಮಾವು ಬರುವ ಹೊತ್ತಿಗೇ ಬಂದಿತ್ತು. ಸಹರಿಯಲ್ಲಿ ನಾಟಿ ಮಾವು ಚೀಪಿದವರ ಹಲ್ಲುಸಂದಿನಲ್ಲಿ ಹಗಲೆಲ್ಲ ನಾರು. ಹಿಜರಿ ವರ್ಷದ ಲೆಕ್ಕದಂತೆ ರಮಝಾನ್ ಮತ್ತೆ ಆ ಮಾವಿನ ಕಾಲಕ್ಕೆ ಬರುವುದು 2050ರ ಆಸುಪಾಸಿನಲ್ಲಿ.