ಮರಳ ರಾಶಿಯಿಂದ ರಬ್ಬರ್ ನೆಲದವರೆಗೆ: ಮಕ್ಕಳ ಆಟದಂಗಳದ ಒಂದು ಸಮೀಕ್ಷೆ

1885ರಲ್ಲಿ ಅಮೆರಿಕದ ಬಾಸ್ಟನ್ ನಗರದ ನಾರ್ತ್ ಎಂಡ್‌ನಲ್ಲಿ ಒಂದು ಪ್ರಾರ್ಥನಾ ಮಂದಿರದ ಅಂಗಳಕ್ಕೆ ಮರಳು ತಂದು ಸುರಿದರು. ಸುತ್ತಮುತ್ತ ವಲಸೆ ಬಂದ ಕೂಲಿಕಾರರ ಇಕ್ಕಟ್ಟಿನ ಮನೆಗಳು. ಬರ್ಲಿನ್ನಿನ ಉದ್ಯಾನಗಳಲ್ಲಿ ಬಡವರ ಮಕ್ಕಳೂ ಸಿರಿವಂತರ ಮಕ್ಕಳೂ ಒಂದೇ ಮರಳ ರಾಶಿಯಲ್ಲಿ ಕೈಯಾಡಿಸುವುದನ್ನು ಕಂಡಿದ್ದ ಮೇರಿ ಜಕ್ರೆವ್ಸ್ಕಾ ಎಂಬ ವೈದ್ಯೆ, ತಮ್ಮ ಊರಿನ ನೈರ್ಮಲ್ಯ ಸಂಘಕ್ಕೆ ಹಾಗೆ ಮಾಡಿ ನೋಡಿ ಎಂದು ಬರೆದಿದ್ದರು. ಮಕ್ಕಳು ಬಂದರು, ಅಗೆದರು, ಗೋಪುರ ಕಟ್ಟಿದರು, ಕೆಡವಿದರು. ಮರುವರ್ಷಗಳಲ್ಲಿ ಇಂಥ ಅಂಗಳಗಳು ಹೆಚ್ಚಿದಾಗ ಮಕ್ಕಳ ಜತೆಗಿರಲು ಮಹಿಳೆಯರನ್ನು ನೇಮಿಸಿದರು. ಸಾರ್ವಜನಿಕ ಆಟದಂಗಳದ ಆಧುನಿಕ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದ ಎಣಿಸುತ್ತಾರೆ. ಅಲ್ಲಿ ಜಾರುಬಂಡೆ ಇರಲಿಲ್ಲ, ಉಯ್ಯಾಲೆ ಇರಲಿಲ್ಲ. ಕೈಗೆ ಸಿಕ್ಕ ಮರಳಿತ್ತು, ಕಣ್ಣಿಟ್ಟು ನೋಡುವ ಒಬ್ಬರಿದ್ದರು. ಮುಂದಿನ ನೂರ ನಲವತ್ತು ವರ್ಷಗಳಲ್ಲಿ ಆಟದಂಗಳ ಚೆನ್ನಾಗಿದ್ದ ಕಡೆಗಳಲ್ಲೆಲ್ಲ ಈ ಎರಡರಲ್ಲಿ ಒಂದಾದರೂ ಇತ್ತು ಎಂಬುದು ನನ್ನ ಅನಿಸಿಕೆ.

ಆದರೆ ನಗರಾಡಳಿತಗಳು ಈ ಕೆಲಸಕ್ಕೆ ಕೈ ಹಾಕಿದ್ದು ಬೇರೆ ಕಾರಣಕ್ಕೆ. ಬೀದಿಯಲ್ಲಿ ವಾಹನ ಹೆಚ್ಚಿತು, ಮಕ್ಕಳು ಅಡ್ಡ ಬರತೊಡಗಿದರು. ಅವರನ್ನು ಎಲ್ಲಾದರೂ ಒಂದೆಡೆ ಕೂಡಿಹಾಕಬೇಕಿತ್ತು. 1903ರಲ್ಲಿ ನ್ಯೂಯಾರ್ಕಿನ ಸೀವರ್ಡ್ ಪಾರ್ಕಿನಲ್ಲಿ ಆ ದೇಶದ ಮೊದಲ ಕಾಯಂ ಪುರಸಭಾ ಆಟದಂಗಳ ತೆರೆಯಿತು. 1906ರಲ್ಲಿ ಅಮೆರಿಕದ ಆಟದಂಗಳ ಸಂಘ ಹುಟ್ಟಿತು. ಎತ್ತರದ ಕಬ್ಬಿಣದ ಏಣಿ, ಗಟ್ಟಿ ನೆಲ, ಸರಪಳಿಯ ಉಯ್ಯಾಲೆ, ಸುತ್ತ ಬೇಲಿ: ಗರಡಿಮನೆಯನ್ನೇ ಬಯಲಿಗೆ ತಂದಿಟ್ಟ ಹಾಗಿತ್ತು ಆ ಕಾಲದ ವಿನ್ಯಾಸ. ಇವುಗಳ ನಡುವೆ ಒಂದು ಮಾತ್ರ ಗಣಿತಜ್ಞನ ಮನೆಯಿಂದ ಬಂತು. ಚಾರ್ಲ್ಸ್ ಹಿಂಟನ್ ಜಪಾನಿನಲ್ಲಿದ್ದಾಗ ತನ್ನ ಮಕ್ಕಳಿಗೆ ಉದ್ದ, ಅಗಲ, ಎತ್ತರಗಳ ಕಲ್ಪನೆ ಮೈಗೇ ಹತ್ತಲಿ ಎಂದು ಬಿದಿರಿನ ಚೌಕಟ್ಟು ಕಟ್ಟಿದ್ದರು. ಅದರ ಮೇಲೆ ಹತ್ತಿ ಬೆಳೆದ ಮಗ ಸೆಬಾಸ್ಟಿಯನ್ ಹಿಂಟನ್ ಅದನ್ನೇ ಕಬ್ಬಿಣದ ಕೊಳವೆಯಲ್ಲಿ ಮಾಡಿ, 1923ರಲ್ಲಿ ಪೇಟೆಂಟ್ ಪಡೆದರು. ಅದೇ ಜಂಗಲ್ ಜಿಮ್. ನಮ್ಮ ಪಾರ್ಕುಗಳಲ್ಲಿ ಇಂದಿಗೂ ಮಕ್ಕಳು ಕಪಿಗಳಂತೆ ನೇತಾಡುವ ಆ ಚೌಕಟ್ಟು ಮೂಲದಲ್ಲಿ ಒಂದು ರೇಖಾಗಣಿತದ ಪಾಠ.

ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿದ ಘಟನೆ ನಡೆದದ್ದು ಯುದ್ಧಕಾಲದಲ್ಲಿ. ಡೆನ್ಮಾರ್ಕಿನ ಭೂದೃಶ್ಯ ವಿನ್ಯಾಸಕಾರ ಸಿ. ಟಿ. ಸೊರೆನ್‌ಸೆನ್ ಹಲವು ಆಟದಂಗಳಗಳನ್ನು ವಿನ್ಯಾಸಗೊಳಿಸಿದ್ದವರು. ಮಕ್ಕಳು ಅಚ್ಚುಕಟ್ಟಾದ ಆ ಅಂಗಳಗಳನ್ನು ಬಿಟ್ಟು, ಕಟ್ಟಡ ಕಟ್ಟುವ ಜಾಗಗಳಲ್ಲಿ ಬಿದ್ದ ಹಲಗೆ, ಇಟ್ಟಿಗೆಗಳ ನಡುವೆ ಆಡುವುದನ್ನು ಅವರು ಗಮನಿಸಿದರು. 1931ರಲ್ಲೇ ಹಳೆ ಸಾಮಾನಿನ ಆಟದಂಗಳದ ಯೋಚನೆಯನ್ನು ಬರೆದಿಟ್ಟಿದ್ದರು. 1943ರಲ್ಲಿ, ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಕೋಪನ್‌ಹೇಗನ್ನಿನ ಎಂಡ್ರುಪ್ ವಸತಿ ಬಡಾವಣೆಯಲ್ಲಿ ಅದು ಜಾರಿಗೆ ಬಂತು. ಹಲಗೆ, ಮೊಳೆ, ಸುತ್ತಿಗೆ, ಹಗ್ಗ, ಹಳೆ ಚಕ್ರ. ಮಕ್ಕಳೇ ಗುಡಿಸಲು ಕಟ್ಟಿದರು, ಗುಂಡಿ ತೋಡಿದರು. ಜಾನ್ ಬರ್ಟೆಲ್ಸನ್ ಎಂಬ ಮೊದಲ ಮೇಲ್ವಿಚಾರಕ ಅಲ್ಲಿದ್ದರು, ಆದರೆ ಆಟ ಹೇಳಿಕೊಡಲು ಹೋಗುತ್ತಿರಲಿಲ್ಲ. ಕೇಳಿದರೆ ನೆರವು, ಅಪಾಯ ಮಿತಿ ಮೀರಿದರೆ ಎಚ್ಚರಿಕೆ, ಅಷ್ಟೆ. ತಾನು ರೂಪಿಸಿದ್ದರಲ್ಲೆಲ್ಲ ಕಣ್ಣಿಗೆ ಅತ್ಯಂತ ಕುರೂಪಿಯಾದದ್ದು ಇದೇ, ಆದರೂ ತನಗೆ ಅತ್ಯಂತ ಪ್ರಿಯವಾದದ್ದೂ ಇದೇ ಎಂಬರ್ಥದಲ್ಲಿ ಸೊರೆನ್‌ಸೆನ್ ಮುಂದೆ ಹೇಳಿಕೊಂಡರು.

1946ರಲ್ಲಿ ಬ್ರಿಟನ್ನಿನ ಲೇಡಿ ಅಲನ್ ಇದನ್ನು ಕಣ್ಣಾರೆ ಕಂಡು, ಊರಿಗೆ ಮರಳಿ, 'ಪಿಕ್ಚರ್ ಪೋಸ್ಟ್' ಪತ್ರಿಕೆಯಲ್ಲಿ ಬರೆದರು. ಬಾಂಬು ಬಿದ್ದು ಹಾಳಾಗಿದ್ದ ಲಂಡನ್ನಿನ ಖಾಲಿ ಜಾಗಗಳಲ್ಲಿ ಇಂಥ ಸಾಹಸ ಅಂಗಳಗಳು ಒಂದೊಂದಾಗಿ ಹುಟ್ಟಿಕೊಂಡವು. ಆಕೆ ಅಲ್ಲಿಗೇ ನಿಲ್ಲಲಿಲ್ಲ. ಅಂಗವೈಕಲ್ಯವುಳ್ಳ ಮಕ್ಕಳಿಗೂ ಸಾಹಸ ಅಂಗಳ ಬೇಕೆಂದು ಹಟ ಹಿಡಿದು ಅದನ್ನೂ ಕಟ್ಟಿಸಿದರು. ಗಾಲಿಕುರ್ಚಿಯ ಮಗುವಿಗೂ ಕೆಸರಲ್ಲಿ ಕೈ ಆಡಿಸುವ ಆಸೆ ಇರುತ್ತದೆ ಎಂಬುದನ್ನು ನಮ್ಮ ಎಷ್ಟು ಪಾರ್ಕುಗಳು ಈಗಲೂ ಅರ್ಥ ಮಾಡಿಕೊಂಡಿವೆ?

ಆಮ್‌ಸ್ಟರ್‌ಡ್ಯಾಮ್ ಹಿಡಿದದ್ದು ಇನ್ನೊಂದು ದಾರಿ. 1947ರಲ್ಲಿ ಬರ್ಟೆಲ್‌ಮನ್‌ಪ್ಲೈನ್ ಎಂಬ ಪುಟ್ಟ ಚೌಕದಲ್ಲಿ ಯುವ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ ಒಂದು ಕಾಂಕ್ರೀಟಿನ ಮರಳ ತೊಟ್ಟಿ, ಲಾಗ ಹಾಕಲು ಕೆಲವು ಕಬ್ಬಿಣದ ಕಂಬಿ, ನಾಲ್ಕು ದುಂಡು ಕಲ್ಲು, ಬೆಂಚು ಇಟ್ಟರು. ಬೇಲಿ ಹಾಕಲಿಲ್ಲ. ಇನ್ನೊಂದು ಓಣಿಯವರು ನಮಗೂ ಕೊಡಿ ಎಂದು ನಗರಸಭೆಗೆ ಬರೆದರು. ಹಾಗೆ ಬೆಳೆದು 1978ರ ಹೊತ್ತಿಗೆ ವಾನ್ ಐಕ್ ಅವರ ಅಂಗಳಗಳು 700 ದಾಟಿದ್ದವು. ಯುದ್ಧದಲ್ಲಿ ಮನೆ ಬಿದ್ದು ಉಳಿದ ಸಂದಿ, ಎರಡು ರಸ್ತೆಗಳ ನಡುವಿನ ತ್ರಿಕೋನ, ಯಾವುದನ್ನೂ ಬಿಡಲಿಲ್ಲ. ಆನೆ, ಆಮೆಗಳ ಆಕಾರದ ಸಾಮಾನು ಅವರಿಗೆ ಹಿಡಿಸುತ್ತಿರಲಿಲ್ಲ. ಕಮಾನಿನಾಕಾರದ ಬರಿಯ ಕಂಬಿಯನ್ನು ಮಗು ಬೆಟ್ಟ ಮಾಡಿಕೊಳ್ಳುತ್ತದೆ, ಮನೆ ಮಾಡಿಕೊಳ್ಳುತ್ತದೆ, ಸುಮ್ಮನೆ ಕೂತು ಹರಟೆಗೂ ಬಳಸುತ್ತದೆ. ನನ್ನ ಮಟ್ಟಿಗೆ ಭಾರತದ ಊರುಗಳಿಗೆ ಎಂಡ್ರುಪ್‌ಗಿಂತ ಹೆಚ್ಚು ಒದಗುವ ಮಾದರಿ ಇದು. ಹಣ ಕಡಿಮೆ, ಜಾಗ ಕಡಿಮೆ, ಆದರೆ ಪ್ರತಿ ಓಣಿಗೂ ಒಂದು.

ಇದಕ್ಕೆ ಮುಂಚಿನಿಂದಲೂ ಶಿಲ್ಪಿ ಇಸಾಮು ನೊಗುಚಿ ಅಮೆರಿಕದಲ್ಲಿ ಕಷ್ಟಪಡುತ್ತಿದ್ದರು. 1933ರಲ್ಲಿ ಅವರು ರೂಪಿಸಿದ 'ಆಟದ ಬೆಟ್ಟ'ವನ್ನು ನ್ಯೂಯಾರ್ಕಿನ ಉದ್ಯಾನಗಳ ಮುಖ್ಯಸ್ಥ ರಾಬರ್ಟ್ ಮೋಸಸ್ ತಳ್ಳಿಹಾಕಿದರು. ಅವರ ಕನಸು ದೊಡ್ಡ ಪ್ರಮಾಣದಲ್ಲಿ ಕೈಗೂಡಿದ್ದು ಜಪಾನಿನ ಸಪ್ಪೊರೊದಲ್ಲಿ, ಕಸ ತುಂಬಿದ್ದ ಜಾಗದ ಮೇಲೆ. ಮೊಯೆರೆನುಮಾ ಪಾರ್ಕ್ ಪೂರ್ತಿಯಾಗಿ ತೆರೆದದ್ದು 2005ರಲ್ಲಿ, ನೊಗುಚಿ ತೀರಿಕೊಂಡ ಸುಮಾರು 17 ವರ್ಷಗಳಿಗೆ.

1970ರ ದಶಕದ ಕೊನೆಗೆ ಅಮೆರಿಕದಲ್ಲಿ ಬಿದ್ದು ಗಾಯಗೊಂಡ ಮಕ್ಕಳ ಪೋಷಕರು ನ್ಯಾಯಾಲಯದ ಮೆಟ್ಟಿಲು ಹತ್ತತೊಡಗಿದರು. 1981ರಲ್ಲಿ ಗ್ರಾಹಕ ಸುರಕ್ಷತಾ ಆಯೋಗ ಮಾರ್ಗಸೂಚಿ ಹೊರಡಿಸಿತು. ಇದರಲ್ಲಿ ಹುರುಳಿದೆ, ಹಗುರವಾಗಿ ಕಾಣುವಂತಿಲ್ಲ. ಉದಾಹರಣೆಗೆ ಎರಡು ಕಂಬಿಗಳ ನಡುವಿನ ಸಂದು. ಅದು 3.5 ಅಂಗುಲಕ್ಕೂ 9 ಅಂಗುಲಕ್ಕೂ ನಡುವೆ ಇರಬಾರದು. ಅಷ್ಟು ಸಂದಿನಲ್ಲಿ ಪುಟ್ಟ ಮಗುವಿನ ಮೈ ತೂರಿಕೊಂಡು ತಲೆ ಸಿಕ್ಕಿಹಾಕಿಕೊಳ್ಳುತ್ತದೆ, ಮಗು ಕುತ್ತಿಗೆಯಲ್ಲಿ ನೇತಾಡುತ್ತದೆ. ಉಯ್ಯಾಲೆಯ ಹಿಂದೆಯೂ ಮುಂದೆಯೂ ಅದನ್ನು ತೂಗುಹಾಕಿದ ಕಂಬಿಯ ಎತ್ತರದ ಎರಡರಷ್ಟು ದೂರ ಖಾಲಿ ಬಿಡಬೇಕು. ನೆಲ ಮೆತ್ತಗಿರಬೇಕು, ಏಕೆಂದರೆ ಗಂಭೀರ ಗಾಯಗಳಲ್ಲಿ ಹೆಚ್ಚಿನವು ಮೇಲಿಂದ ಬಿದ್ದಾಗ ಆಗುವಂಥವು. ಟೇಪು ಹಿಡಿದು ಅಳೆಯಬಹುದಾದ ಈ ಸಂಗತಿಗಳು ನಮ್ಮಲ್ಲಿ ಹೊಸ ಜಾರುಬಂಡೆ ತಂದು ನಿಲ್ಲಿಸುವ ಗುತ್ತಿಗೆದಾರರಿಗೆ ಗೊತ್ತಿರಲೇಬೇಕು.

ಆದರೆ ಮಾರ್ಗಸೂಚಿಯ ಹೆಸರಿನಲ್ಲಿ ಆಟವೂ ಸವೆಯಿತು. ತಿರುಗಣಿ ಹೋಯಿತು, ಎತ್ತರದ ಜಾರುಬಂಡೆ ಹೋಯಿತು. ಎಲ್ಲ ಊರುಗಳಲ್ಲೂ ಒಂದೇ ಕಂಪನಿಯ ಪಟ್ಟಿಯಿಂದ ಆರಿಸಿದ ಒಂದೇ ಬಣ್ಣದ ಪ್ಲಾಸ್ಟಿಕ್, ಕೆಳಗೆ ರಬ್ಬರ್. ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಮಕ್ಕಳು ಅಪಾಯದ ಆಟವನ್ನು ತಾವಾಗಿಯೇ ಹುಡುಕಿಕೊಂಡು ಹೋಗುತ್ತಾರೆ ಎಂದು ತೋರಿಸಿ ಅದನ್ನು ವರ್ಗೀಕರಿಸಿದರು: ಎತ್ತರ, ವೇಗ, ಹರಿತವಾದ ಸಾಧನ, ನೀರು-ಬೆಂಕಿಯ ಸನಿಹ, ಕುಸ್ತಿ, ಕಣ್ಮರೆಯಾಗಿ ಅಲೆಯುವುದು. ಮರಕೋತಿ ಆಡಿ ಬೆಳೆದವರಿಗೆ ಈ ಪಟ್ಟಿ ಅಪರಿಚಿತವಲ್ಲ. ಕೆನಡಾದ ಮಕ್ಕಳ ವೈದ್ಯರ ಸಂಘ 2024ರಲ್ಲಿ ಇಂಥ ಆಟವನ್ನು ಬೆಂಬಲಿಸಿ ಹೇಳಿಕೆಯನ್ನೇ ಹೊರಡಿಸಿತು. ನೇತಾಡಲು ಗಟ್ಟಿ ಕೊಂಬೆ ಬೇಕು, ಕೆಳಗೆ ಮರಳು ಬೇಕು. ಒಂದನ್ನು ಉಳಿಸಲು ಇನ್ನೊಂದನ್ನು ಕಡಿಯಬೇಕಾಗಿಲ್ಲ.

ಯಾರಿಗೆ ಜಾಗ ಸಿಗುತ್ತದೆ ಎಂಬ ಪ್ರಶ್ನೆ ತಡವಾಗಿ ಬಂತು. ಹತ್ತು ವರ್ಷ ದಾಟುತ್ತಿದ್ದಂತೆ ಹೆಣ್ಣುಮಕ್ಕಳು ಪಾರ್ಕಿನಿಂದ ಮರೆಯಾಗುತ್ತಾರೆಂದು ವಿಯೆನ್ನಾ ನಗರ 1990ರ ದಶಕದಲ್ಲಿ ಕಂಡುಕೊಂಡಿತು. ಒಂದೇ ದೊಡ್ಡ ಮೈದಾನವಿದ್ದರೆ ಗಂಡುಹುಡುಗರ ಚೆಂಡೇ ಅದನ್ನು ಆಳುತ್ತದೆ. ಐನ್‌ಸೀಡ್ಲರ್ ಪಾರ್ಕಿನಲ್ಲಿ ಜಾಗವನ್ನು ವಿಂಗಡಿಸಿ, ಬೇರೆ ಬೇರೆ ಆಟಕ್ಕೆ ಅಂಕಣ ಮಾಡಿದ ಮೇಲೆ ಹುಡುಗಿಯರು ಹಿಂದಿರುಗಿದರು. ಇತ್ತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕೆಂದು ಒಪ್ಪಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ವೇಲ್ಸ್ ದೇಶ ಇನ್ನೂ ಮುಂದೆ ಹೋಗಿ, ಮಕ್ಕಳಿಗೆ ಆಡಲು ಸಾಕಷ್ಟು ಅವಕಾಶವಿದೆಯೇ ಎಂದು ಸ್ಥಳೀಯ ಸಂಸ್ಥೆಗಳು ಕಾಲಕಾಲಕ್ಕೆ ಅಳೆದು ನೋಡಬೇಕೆಂದು ಕಾನೂನನ್ನೇ ಮಾಡಿತು.

ಕರ್ನಾಟಕದಲ್ಲಿ ಕಾನೂನಿಗೆ ಬರ ಇಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ 1985ರ ಕಾಯ್ದೆ ಇದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಡಾವಣೆಯ ಶೇ. 15ರಷ್ಟು ಜಾಗವನ್ನು ಉದ್ಯಾನ, ಮೈದಾನಗಳಿಗೆ ಮೀಸಲಿಡಬೇಕೆನ್ನುತ್ತದೆ. ದೇಶಕ್ಕೇ ಮಾದರಿಯಾದ ತೀರ್ಪು ಹುಟ್ಟಿದ್ದೂ ಬೆಂಗಳೂರಿನಿಂದಲೇ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟಿದ್ದ ಜಾಗವನ್ನು ಖಾಸಗಿ ಟ್ರಸ್ಟೊಂದಕ್ಕೆ ಆಸ್ಪತ್ರೆ ಕಟ್ಟಲು ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಬಿ. ಎಸ್. ಮುದ್ದಪ್ಪ ಪ್ರಕರಣದಲ್ಲಿ ನಿವಾಸಿಗಳ ಪರ ನಿಂತಿತು. ಬಯಲು ಜಾಗ ಜನರ ಆರೋಗ್ಯದ ಆಸ್ತಿ, ಅದನ್ನು ಮನಬಂದಂತೆ ಬೇರೆಯವರಿಗೆ ಕೊಡುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಅಕ್ಕಪಕ್ಕದ ನಿವಾಸಿಗಳಿಗೂ ಈ ಬಗ್ಗೆ ದಾವೆ ಹೂಡುವ ಹಕ್ಕಿದೆ ಎಂದು ನ್ಯಾಯಾಲಯ ಒಪ್ಪಿದ್ದು ಅಷ್ಟೇ ಮುಖ್ಯ.

ಜಾಗ ಉಳಿದ ಮೇಲೆ ಮುಂದೇನು? ಇವತ್ತಿನ ಬಡಾವಣೆ ಪಾರ್ಕಿನ ನಕ್ಷೆ ನೋಡಿ. ಸುತ್ತ ವಾಕಿಂಗ್ ಪಾಥ್, ನಡುವೆ ತುಳಿಯಬಾರದ ಹುಲ್ಲುಹಾಸು, ದೊಡ್ಡವರ ಜಿಮ್, ಮೂಲೆಯಲ್ಲೊಂದು ಕೆಂಪು-ಹಳದಿ ಜಾರುಬಂಡೆ, ಗೇಟಿನ ಬಳಿ ಚೆಂಡಾಟ ನಿಷೇಧದ ಫಲಕ. ಬೆಂಗಳೂರಿನಲ್ಲಿ ಹಗಲು ಹೊತ್ತು ಪಾರ್ಕಿಗೆ ಬೀಗ ಹಾಕುವ ರೂಢಿ ವರ್ಷಗಟ್ಟಲೆ ನಡೆಯಿತು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ತೀರ್ಮಾನ ಬಂದದ್ದು 2024ರಲ್ಲಿ. ಅದೇ ವರ್ಷ ಮಲ್ಲೇಶ್ವರದ ಮೈದಾನವೊಂದರಲ್ಲಿ ಕಬ್ಬಿಣದ ಗೇಟು ಬಿದ್ದು ಆಡಲು ಹೋದ ಬಾಲಕ ಪ್ರಾಣ ಕಳೆದುಕೊಂಡ. ಆಟದ ಸಾಮಾನಿನಿಂದ ಅಲ್ಲ, ಗೇಟಿನಿಂದ. ಇನ್ನು ಕಲಬುರಗಿ, ರಾಯಚೂರುಗಳ ಬಿಸಿಲಿನಲ್ಲಿ ಹೊರದೇಶದ ಮಾದರಿಯ ರಬ್ಬರ್ ಹಾಸು ಬರಿಗಾಲನ್ನು ಸುಡುತ್ತದೆ. ಅಲ್ಲಿ ಬೇಕಾದದ್ದು ಹೊಂಗೆಯೋ ಬೇವೋ ನೆರಳು ಕೊಡುವ ಮಣ್ಣಿನ ನೆಲ. ಲಗೋರಿಗೂ ಕುಂಟೆಬಿಲ್ಲೆಗೂ ಬುಗುರಿಗೂ ಅದೇ ಹಿತ.

ಭರವಸೆ ಕೊಡುವ ಕೆಲಸಗಳೂ ನಡೆದಿವೆ. ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಸಂಸ್ಥೆ ಸವೆದ ಟೈರುಗಳಿಂದ ಸರ್ಕಾರಿ ಶಾಲೆಗಳಲ್ಲಿ ಆಟದಂಗಳ ಕಟ್ಟುತ್ತ ಬಂದಿದೆ, ಅದೂ ಮಕ್ಕಳನ್ನು ಕೇಳಿಕೊಂಡು. ಉದ್ಯೋಗ ಖಾತರಿ ಯೋಜನೆಯಲ್ಲಿ ಶಾಲಾ ಮೈದಾನ ಸಮತಟ್ಟು ಮಾಡಿಸಿದ ಪಂಚಾಯಿತಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಮೈದಾನ ಇರಲೇಬೇಕು ಎನ್ನುತ್ತದೆ. ಸಂಜೆ ನಾಲ್ಕೂವರೆಗೆ ಆ ಗೇಟಿಗೆ ಬೀಗ ಬೀಳದೆ ಓಣಿಯ ಮಕ್ಕಳಿಗೂ ತೆರೆದಿದ್ದರೆ, ಹೊಸ ಜಾಗ ಕೊಳ್ಳದೆಯೇ ಎಷ್ಟೋ ಊರುಗಳ ಕೊರತೆ ನೀಗುತ್ತದೆ.

ನಮ್ಮ ಪೌರ ಸಂಸ್ಥೆಗಳ ಆಯವ್ಯಯದಲ್ಲಿ ಸಾಮಾನು ಕೊಳ್ಳಲು ಹಣ ಹೊಂಚಿಕೊಳ್ಳುತ್ತಾರೆ, ಉದ್ಘಾಟನೆಯಾಗುತ್ತದೆ. ಉಯ್ಯಾಲೆಯ ಕೊಕ್ಕೆ ಸವೆದಿದೆಯೇ, ಗೇಟಿನ ಕೀಲು ಗಟ್ಟಿಯಿದೆಯೇ, ಮರಳಲ್ಲಿ ಗಾಜಿದೆಯೇ ಎಂದು ವಾರಕ್ಕೊಮ್ಮೆ ನೋಡುವವರಿಗೆ ಸಂಬಳದ ಬಾಬತ್ತು ಇರುವುದಿಲ್ಲ. ಬಾಸ್ಟನ್ನಿನ ಮಹಿಳೆಯರೂ ಎಂಡ್ರುಪ್‌ನ ಬರ್ಟೆಲ್ಸನ್ನರೂ ಮಾಡಿದ್ದು ಸಂಬಳದ ಕೆಲಸ. ವಾರ್ಡಿಗೆ ಒಬ್ಬ ಆಟದಂಗಳದ ಕಾರ್ಯಕರ್ತೆಯನ್ನು, ಅಂಗನವಾಡಿ ಕಾರ್ಯಕರ್ತೆಯಂತೆ ಹೆಸರು ಹಿಡಿದು ಕರೆಯಬಹುದಾದ ಒಬ್ಬರನ್ನು, ನೇಮಿಸುವ ಬೇಡಿಕೆಯನ್ನು ವಾರ್ಡ್ ಸಮಿತಿಗಳು ಮುಂದಿನ ಆಯವ್ಯಯಕ್ಕೆ ಮುಂಚೆಯೇ ಲಿಖಿತವಾಗಿ ಕೊಡಬೇಕು.