ಯಾವ ಓಣಿಯವರು?

ಅನಗವಾಡಿಯ ನಮಗೆ ಪೇಟೆ ಎಂದರೆ ಬಾಗಲಕೋಟೆ. ಸೀರೆ, ಬಂಗಾರ, ಬೀಗತನ ಎಲ್ಲಕ್ಕೂ ಘಟಪ್ರಭೆಯ ಸೇತುವೆ ದಾಟಬೇಕು. ಆ ಊರಿನ ಹಳೆಯ ಓಣಿಗಳ ಹೆಸರು ನೋಡಿ: ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಹೊಸಪೇಟೆ ಹೊಸದಾಗಿದ್ದುದು ಯಾರ ಮುತ್ತಜ್ಜಿಯ ಕಾಲಕ್ಕೋ! ಆದರೂ ಹೆಸರು ತೆಗೆಯಬೇಕೆಂದು ಯಾರಿಗೂ ಅನಿಸಲಿಲ್ಲ.

ಒಂದು ಓಣಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು? ಗಡಿಗಲ್ಲು ಹುಡುಕಬೇಡಿ, ಹೋಳಿಯಲ್ಲಿ ನೋಡಿ. ಈ ಐದೂ ಓಣಿಗಳಿಗೆ ಅವರವರ ಕಾಮಣ್ಣ, ಅವರವರ ಹಲಗೆ ಮೇಳ. ಬಣ್ಣದ ಬ್ಯಾರಲ್ಲುಗಳ ಬಂಡಿಗಳು ಹೊರಡುವುದಕ್ಕೂ ಸರದಿ ಉಂಟು. ನಿಮ್ಮ ಮನೆಯ ಕುಳ್ಳು ಯಾವ ಕಾಮಣ್ಣನಿಗೆ ಹೋಯಿತೋ ನೀವು ಆ ಓಣಿಯವರು. ನಮ್ಮ ಹೆಣ್ಣುಮಕ್ಕಳ ಲೆಕ್ಕ ಇನ್ನೂ ಸುಲಭ. ಚಪ್ಪಲಿ ಮೆಟ್ಟದೆ ಹೆಪ್ಪು ಕೇಳಲು ಹೋಗುವಷ್ಟು ದೂರವೇ ಓಣಿ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಆಮೇಲೆ ಬಾಗಲಕೋಟೆಗೆ ಬೇರೆಯೇ ಗಡಿ ಬಂತು. ಸಮುದ್ರಮಟ್ಟದಿಂದ 521 ಮೀಟರ್ ಎತ್ತರದವರೆಗಿನ ಮನೆಗಳು ಮೊದಲು, ನಂತರ 523, ಮತ್ತೆ 525. ನೀರಿನ ಗೆರೆಗೆ ಕಿಲ್ಲಾ ಯಾವುದು, ಜೈನಪೇಟೆ ಯಾವುದು ಗೊತ್ತೇ? ತಗ್ಗಿನ ಮನೆಯವರು ಮೊದಲು ಎದ್ದರು, ದಿಬ್ಬದವರು ಉಳಿದರು. ಓಣಿಯೊಂದು ಕಂತು ಕಂತಾಗಿ ಚದುರಿತು.

ಅವರಿಗಾಗಿ ಕಟ್ಟಿದ ನವನಗರದ ಯೋಜನೆ ಚಾರ್ಲ್ಸ್ ಕೊರಿಯಾ ಅವರದು. ಅಗಲ ರಸ್ತೆ, ಗಾಳಿ, ಬೆಳಕು, ಅದನ್ನು ಹಳಿಯಲಾರೆ. ಇಕ್ಕಟ್ಟಿನ ಓಣಿಯಲ್ಲಿ ಕೊಡ ಹೊತ್ತವರಿಗೆ ಆ ಸುಖ ಗೊತ್ತು. ಆದರೆ ನಿವೇಶನ ಸಿಕ್ಕಿದ್ದು ಮನೆಗೆ, ಓಣಿಗಲ್ಲ. ಹೆಸರಿದ್ದಲ್ಲಿ ಸೆಕ್ಟರಿನ ನಂಬರು ಬಂತು.

ಜೈನಪೇಟೆಗೆ ಕೊಟ್ಟಿದ್ದ ನನ್ನ ನಾದಿನಿ ಈಗ ಅಲ್ಲಿದ್ದಾಳೆ. “ವೈನಿ, ರೇಶನ್ ಕಾರ್ಡಿನ್ಯಾಗ ನಂಬರ್ ಐತಿ ಖರೆ. ಆದ್ರ ಕನ್ಯಾ ನೋಡಾಕ ಬಂದವರು, ‘ಮೊದಲ ಯಾವ ಓಣ್ಯಾಗಿದ್ರಿ?’ ಅಂತನ ಕೇಳ್ತಾರ” ಎನ್ನುತ್ತಾಳೆ. ಎದುರು ಮನೆಯ ಗೆಳತಿ ಬೇರೆ ಸೆಕ್ಟರಿಗೆ ಹೋದಳು. ಈಗ ಹೆಪ್ಪು ಬೇಕಾದರೆ ಅಂಗಡಿಯ ಮೊಸರು.

ಹಳೆಯ ಊರು ಪೂರ್ತಿ ಖಾಲಿಯಾಗಿಲ್ಲ. ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸಬಹುದೆಂದು 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣ ಹೇಳಿದೆ. ಹೋಳಿಯ ಹಲಗೆ ಮಾತ್ರ ಇಂದಿಗೂ ಓಣಿಯ ಹೆಸರಿನಲ್ಲೇ. ನಾದಿನಿಯ ಮಗ ಹುಟ್ಟಿದ್ದು ಸೆಕ್ಟರಿನಲ್ಲಿ. ಹಲಗೆ ಬಾರಿಸಲು ಹೋಗುವುದು ಜೈನಪೇಟೆಗೆ.